ಮನೆಯೆಲ್ಲ ಝಗಝಗ, ತುಳಸಿಗೆ ಮಾತ್ರ ಕತ್ತಲೆ

ಕಾರವಾರ ಪೇಟೆಯ ಯಾವುದೇ ಎಲೆಕ್ಟ್ರಿಕ್ ಅಂಗಡಿಯ ಮೆಟ್ಟಿಲಲ್ಲಿ ಐದು ನಿಮಿಷ ನಿಂತರೆ ಸಾಕು, ಊರಿನವರು ಬೆಳಕನ್ನು ಹೇಗೆ ಖರೀದಿ ಮಾಡುತ್ತಾರೆಂಬುದು ಗೊತ್ತಾಗಿ ಹೋಗುತ್ತದೆ.

“ತಮಾ, ಒಂದು ಬಲ್ಬ್ ಕೊಡು. ಬೆಳ್ಳಗೆ, ಜೋರು ಬೆಳಕು ಬೀಳ್ಬೇಕು.”

“ಎಷ್ಟು ವ್ಯಾಟಿಂದು ಕೊಡ್ಲಿ ಅಕ್ಕಾ?”

“ಎಂತಾದ್ರೂ ಅಡ್ಡಿಲ್ಲ, ದೊಡ್ಡದೇ ಕೊಡು.”

ವ್ಯಾಪಾರ ಮುಗಿಯಿತು. ಬಂಗಡೆ ಕೊಳ್ಳುವಾಗ ಕಿವಿರೆತ್ತಿ ಬಣ್ಣ ನೋಡುವವರು, ಅಂಕೋಲೆಯ ಕರಿ ಇಶಾಡ ಮಾವು ಕೊಳ್ಳುವಾಗ ತೊಟ್ಟಿನ ಹತ್ತಿರ ಮೂಸಿ ನೋಡುವವರು, ಬಲ್ಬಿನ ಡಬ್ಬಿಯನ್ನು ಮಾತ್ರ ತಿರುಗಿಸಿಯೂ ನೋಡುವುದಿಲ್ಲ. ಅಂಗಡಿಯವ ಹೊತ್ತಿಸಿ ತೋರಿಸಿದರೆ ಆಯಿತು. ಕಣ್ಣಿಗೆ ಹೊಡೆದರೆ ಚಲೋ ಮಾಲು, ಹೊಡೆಯದಿದ್ದರೆ ಡಲ್ಲು!

ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರು ಮಳೆಗಾಲದಲ್ಲಿ ಒಮ್ಮೆ ಫ್ಲ್ಯಾಟುಗಳ ಹಾಲ್ ನೋಡಿ ಬರಬೇಕು. ಕಾಜುಬಾಗ, ಹಬ್ಬುವಾಡ, ಕೋಡಿಬಾಗಗಳಲ್ಲಿ ಅಂಗಳ ಹಿತ್ತಲು ಇದ್ದ ಎಷ್ಟೋ ಮನೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ. ಅಂಗಳದ ತುಳಸಿಕಟ್ಟೆ ಮೂರನೇ ಮಹಡಿಯ ಕುಂಡಕ್ಕೆ ಏರಿದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು. ಅದರಲ್ಲಿ ಬಹುಪಾಲು ಜೂನಿನಿಂದ ಸಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಗಾಳಿಗೆ ಕುಂಡ ಮಗುಚೀತೆಂದು ಹೆದರಿ ಮನೆಯಾಕೆ ಅದನ್ನು ಒಳಗೆ ತಂದು ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿ ಇಡುತ್ತಾಳೆ. ಜೊತೆಗೆ ಒಂದು ಅಬ್ಬಲಿ, ಒಂದು ಮಲ್ಲಿಗೆ, ಬಾಟಲಿಯಲ್ಲಿ ಮನಿ ಪ್ಲಾಂಟು. ಮನೆಯಲ್ಲಿ ಹಗಲೂ ಲೈಟು ಉರಿಯುತ್ತಿರುತ್ತದೆ, ಹಾಲ್ ಝಗಝಗ ಎನ್ನುತ್ತಿರುತ್ತದೆ. ಆದರೂ ನಾಗರಪಂಚಮಿ ಹೊತ್ತಿಗೆ ತುಳಸಿ ಸಪೂರವಾಗಿ ಉದ್ದ ಬೆಳೆದು ಎಲೆ ಹಳದಿ ಮಾಡಿಕೊಳ್ಳುತ್ತದೆ. ಚೌತಿ ಬರುವಷ್ಟರಲ್ಲಿ ಕಡ್ಡಿ ಮಾತ್ರ. “ಯಾರದೋ ದೃಷ್ಟಿ ತಾಗಿತು” ಎಂಬ ತೀರ್ಮಾನವಾಗುತ್ತದೆ. ತಾಗಿದ್ದು ದೃಷ್ಟಿಯಲ್ಲ, ಕತ್ತಲೆ. ಮನುಷ್ಯರ ಕಣ್ಣಿಗೆ ಕಾಣದ ಕತ್ತಲೆ.

ಹಳೇ ಹಂಚಿನ ಮನೆ ಕಟ್ಟಿದವರಿಗೆ ಇಷ್ಟು ತಿಳಿದಿತ್ತು. ಮಾಡಿನಲ್ಲಿ ನಡುನಡುವೆ ಒಂದೊಂದು ಗಾಜಿನ ಹಂಚು ಕೂಡಿಸುತ್ತಿದ್ದರು; ಅಡುಗೆಮನೆಯ ಒಲೆಯ ಮೇಲೆ ಒಂದು, ನಡುಮನೆಗೆ ಒಂದು. ಅದಕ್ಕೆ ಮೀಟರು ಇರಲಿಲ್ಲ, ಬಿಲ್ಲೂ ಇರಲಿಲ್ಲ. ಆರ್‌ಸಿಸಿ ಬಂದ ಮೇಲೆ ಗಾಜಿನ ಹಂಚು ಹೋಯಿತು, ಮಟಮಟ ಮಧ್ಯಾಹ್ನ ಸ್ವಿಚ್ ಒತ್ತುವ ಕಾಲ ಬಂತು.

ವಿದ್ಯುತ್ತಿನ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ ಎಂದು ಭಾವಿಸುವವರಿದ್ದಾರೆ. ಕಾಳಿ ನದಿಯ ಯೋಜನೆಗಾಗಿ ಸೂಪಾ ಎಂಬ ಊರೇ ನೀರಿನಡಿ ಹೋಯಿತು. ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟು ಬಂತು. ಕೈಗಾದಲ್ಲಿ 2000ದಿಂದ 2011ರೊಳಗೆ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳು ಎದ್ದವು. ಮೊದಲನೆಯದು 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ಓಡಿ ಅಂದಿಗೆ ಜಗತ್ತಿನ ದಾಖಲೆಯನ್ನೇ ಮಾಡಿತು. ವಿದ್ಯುತ್ತಿಗಾಗಿ ಇಷ್ಟೆಲ್ಲ ಭೂಮಿ, ನದಿ ಕೊಟ್ಟ ಜಿಲ್ಲೆಯ ಜನರಿಗೆ ಬಲ್ಬಿನ ಡಬ್ಬಿ ಓದುವುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಎಲ್ಲಿ ಹುಟ್ಟಿತೋ ತಿಳಿಯದು, ಕಾಳಿ ದಂಡೆಗೆ ಚೆನ್ನಾಗಿ ಹೊಂದುತ್ತದೆ.

2015ರ ಡಿಸೆಂಬರಿನಲ್ಲಿ ರಾಜ್ಯ ಸರಕಾರದ ‘ಹೊಸ ಬೆಳಕು’ ಯೋಜನೆ ಬಂತು. 9 ವ್ಯಾಟಿನ ಎಲ್‌ಇಡಿ ಬಲ್ಬು ನೂರು ರೂಪಾಯಿಗೆ. ಒಳ್ಳೆಯ ಕೆಲಸವೇ. ಆದರೆ ಬಲ್ಬು ಬದಲಾದಂತೆ ಲೆಕ್ಕವೂ ಬದಲಾಗಿದೆ ಎಂಬುದು ಮನೆಮನೆಗೆ ತಲುಪಲಿಲ್ಲ. ಹಳೇ ಬುರುಡೆ ಬಲ್ಬಿನ ಕಾಲದಲ್ಲಿ ವ್ಯಾಟು ಎಂದರೆ ಬೆಳಕು. 60 ವ್ಯಾಟಿನದು 40ಕ್ಕಿಂತ ಜೋರು, ಅಷ್ಟೇ. ಎಲ್‌ಇಡಿಯಲ್ಲಿ ವ್ಯಾಟು ಎಂದರೆ ಅದು ತಿನ್ನುವ ಕರೆಂಟು, ಕೊಡುವ ಬೆಳಕಿಗೆ ಲ್ಯೂಮೆನ್ ಎಂಬ ಬೇರೆ ಅಳತೆ. 60 ವ್ಯಾಟಿನ ಹಳೇ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. 9 ವ್ಯಾಟಿನ ಸರಿಯಾದ ಎಲ್‌ಇಡಿ 800ರಿಂದ 900 ಕೊಡುತ್ತದೆ. ಡಬ್ಬಿಯ ಮೇಲೆ 9 ವ್ಯಾಟು ಎಂದು ದಪ್ಪಗೆ ಬರೆದು ಲ್ಯೂಮೆನ್ ಎಷ್ಟೆಂದು ಬರೆಯದಿದ್ದರೆ ಅದು ಬರೆಯಲು ಮರೆತದ್ದಲ್ಲ.

ಡಬ್ಬಿಯ ಮೇಲೆ ಇನ್ನೂ ಎರಡು ಗುರುತು ಹುಡುಕಬೇಕು. ಒಂದು, ಭಾರತೀಯ ಮಾನಕ ಬ್ಯೂರೋದ ನೋಂದಣಿ: ‘ಐಎಸ್ 16102’ ಎಂಬುದೂ, ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯೂ. ಎರಡು, ಫ್ರಿಜ್ಜಿನ ಮೇಲಿರುವಂಥದ್ದೇ ನಕ್ಷತ್ರದ ಚೀಟಿ. ಎಲ್‌ಇಡಿ ಬಲ್ಬಿಗೆ ಅದು 2018ರಿಂದ ಕಡ್ಡಾಯ. ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿ ಮಾರುವ ಬಲ್ಬುಗಳಲ್ಲಿ ಈ ಎರಡನ್ನೂ ಹುಡುಕಿ ನೋಡಿ. ಸಿಕ್ಕರೆ ಕೊಳ್ಳಿ, ಸಿಗದಿದ್ದರೆ ಮುಂದೆ ಹೋಗಿ ತರಕಾರಿ ಕೊಳ್ಳಿ.

ಇನ್ನು ಬಣ್ಣದ ಮಾತು. ಬಿಳಿ ಎಲ್‌ಇಡಿಯ ಹೊಟ್ಟೆಯೊಳಗೆ ನಿಜವಾಗಿ ಇರುವುದು ನೀಲಿ ದೀಪ. ಅದರ ಮೇಲೆ ಹಳದಿ ಪುಡಿಯ ಲೇಪ ಬಳಿದರೆ ಬೆಳಕು ಬೆಳ್ಳಗಾಗುತ್ತದೆ. ಆ ನೀಲಿ ದೀಪ ಸಾಧಿಸಿದ್ದಕ್ಕೆ ಜಪಾನ್ ಮೂಲದ ಮೂವರಿಗೆ, ಅಕಸಾಕಿ, ಅಮಾನೋ, ನಕಾಮುರಾ ಇವರಿಗೆ, 2014ರ ನೊಬೆಲ್ ಬಂತು. ಲೇಪ ಹೆಚ್ಚಾದರೆ ಸಂಜೆಯ ಹೊಂಬಣ್ಣ, 2700ರಿಂದ 3000 ಕೆಲ್ವಿನ್; ಕಡಿಮೆಯಾದರೆ ಹಾಲಿನಂಥ ನೀಲಿ ಬಿಳಿ, 6500 ಕೆಲ್ವಿನ್. ಊರಿಗೆ ಊರೇ 6500ಕ್ಕೆ ಮರುಳಾಗಿದೆ. ಮಲಗುವ ಕೋಣೆಗೂ ಅದೇ, ದೇವರ ಕೋಣೆಗೂ ಅದೇ, ಜಗಲಿಗೂ ಅದೇ. ರಾತ್ರಿ ಹನ್ನೊಂದರವರೆಗೆ ನೀಲಿ ಬಿಳಿ ಬೆಳಕಿನಡಿ ಕೂತು ಆಮೇಲೆ ನಿದ್ದೆ ಬರುವುದಿಲ್ಲ ಎಂದು ಡಾಕ್ಟರ ಬಳಿ ಹೋಗುವವರು ಮೊದಲು ಬಲ್ಬು ಬದಲಿಸಿ ನೋಡಬಹುದು. ನೀಲಿ ಹೆಚ್ಚಿರುವ ಬೆಳಕು ನಿದ್ದೆ ಬರುವುದನ್ನು ತಡ ಮಾಡುತ್ತದೆಂಬುದು ಈಗ ಗುಟ್ಟಲ್ಲ. ಜಗಲಿಗೆ ಹಳದಿ ಹಾಕಿದರೆ ಇನ್ನೊಂದು ಲಾಭವಿದೆ: ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಮುತ್ತಿಗೆ ಹಾಕುವುದು ನೀಲಿ ಬಿಳಿ ದೀಪಕ್ಕೇ ಹೆಚ್ಚು. ಓದುವ ಮಕ್ಕಳ ಮೇಜಿಗೆ ನಡುವಿನದು, 4000 ಕೆಲ್ವಿನ್, ಸಾಕು. ಬಲ್ಬು ಮಿನುಗುತ್ತಿದೆಯೋ ಎಂದು ತಿಳಿಯಲು ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಜೋರಾಗಿ ಓಡಾಡಿದರೆ ಒಳಗಿನ ಡ್ರೈವರ್ ಕಳಪೆ. ಆ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತಿದೆ ಎಂದರ್ಥ. ಅದರಡಿ ಎಸ್ಸೆಸ್ಸೆಲ್ಸಿಗೆ ಓದಿಸಿ ತಲೆನೋವು ಬಂದರೆ ಅಕ್ಕೋರನ್ನೋ ಮಾಸ್ತರರನ್ನೋ ದೂರಿ ಪ್ರಯೋಜನವಿಲ್ಲ.

“ಇಪ್ಪತ್ತು ವರ್ಷ ಬಾಳ್ತದೆ ಅಂದ್ರು, ಎರಡು ಮಳೆಗಾಲ ದಾಟಲಿಲ್ಲ” ಎಂಬ ದೂರು ಕಡಲ ಕಡೆ ಸಾಮಾನ್ಯ. ಸಾಯುವುದು ಎಲ್‌ಇಡಿ ಅಲ್ಲ, ಅದಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರು. ಅದಕ್ಕೆ ಬಿಸಿ ಆಗದು, ಉಪ್ಪುಗಾಳಿಯೂ ಆಗದು. ಬೈತಖೋಲ, ಬೆಲೇಕೇರಿಯಂಥ ದಂಡೆಯ ಊರುಗಳಲ್ಲಿ ಹೋಲ್ಡರಿನ ಹಿತ್ತಾಳೆ ಮೊಳೆಗಳು ಹಸಿರುಗಟ್ಟುತ್ತವೆ. ತುಕ್ಕು ಹಿಡಿದ ಹೋಲ್ಡರಿನಲ್ಲಿ ಕಿಡಿ ಹಾರುತ್ತಿದ್ದರೆ ಎಂಥ ಬಲ್ಬೂ ಬಾಳುವುದಿಲ್ಲ. ಮಳೆಗಾಲಕ್ಕೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಹೋಲ್ಡರ್ ಒರೆಸಿ, ಹಳತಾಗಿದ್ದರೆ ಬದಲಿಸಿ. ಮುಚ್ಚಿದ ಗಾಜಿನ ಗೋಳದೊಳಗೆ ಎಲ್‌ಇಡಿ ಹಾಕುವುದೆಂದರೆ ಅದನ್ನು ಉಸಿರುಗಟ್ಟಿಸಿದಂತೆ.

ಈಗ ಗಿಡದ ಲೆಕ್ಕ. ಲಕ್ಸ್ ಎಂಬುದು ಬಿದ್ದ ಬೆಳಕಿನ ಅಳತೆ. ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಅದು ಸುಮಾರು ಒಂದು ಲಕ್ಷ. ದಟ್ಟ ಮೋಡದ ಆಷಾಢದ ಮಧ್ಯಾಹ್ನವೂ ಹೊರಗೆ ಐದಾರು ಸಾವಿರದಿಂದ ಹತ್ತು ಸಾವಿರದ ತನಕ ಇರುತ್ತದೆ. ಲೈಟು ಹಾಕಿದ ಹಾಲಿನಲ್ಲಿ? ನೂರೋ ಇನ್ನೂರೋ. ಕಣ್ಣು ಈ ವ್ಯತ್ಯಾಸವನ್ನು ಹೊಂದಿಸಿಕೊಂಡು “ಎಂಥ ಬೆಳಕು!” ಎನ್ನುತ್ತದೆ, ಎಲೆಗೆ ಆ ಚಮತ್ಕಾರ ಬಾರದು. ಎಲೆ ಅಡುಗೆ ಮಾಡುವುದೇ ಬೆಳಕಿನಿಂದ. ನೂರು ಲಕ್ಸಿನಲ್ಲಿ ಇಟ್ಟರೆ ಗಿಡ ಮೈಯಲ್ಲಿದ್ದ ಗಂಟು ಕರಗಿಸಿ ಉಣ್ಣುತ್ತದೆ, ಗಂಟು ಮುಗಿದಾಗ ಕಡ್ಡಿಯಾಗುತ್ತದೆ. ಮೊಬೈಲಿನಲ್ಲೇ ಲಕ್ಸ್ ತೋರಿಸುವ ಆ್ಯಪ್‌ಗಳಿವೆ, ಅಂದಾಜಿಗೆ ಸಾಕು. ಅದೂ ಬೇಡವಾದರೆ ಎಲೆಯ ಮೇಲೆ ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿ ಬಿದ್ದರೆ ಬೆಳಕಿದೆ, ನೆರಳೇ ಬೀಳದಿದ್ದರೆ ಆ ಜಾಗ ಗಿಡದ್ದಲ್ಲ.

ದೂರದ ಲೆಕ್ಕವಂತೂ ಇನ್ನೂ ಕಠೋರ. ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗ. 9 ವ್ಯಾಟಿನ ಬಲ್ಬು ಎಲೆಯಿಂದ ಒಂದು ಅಡಿ ಮೇಲಿದ್ದರೆ ಒಂದೆರಡು ಸಾವಿರ ಲಕ್ಸ್ ಬಿದ್ದೀತು. ಅದೇ ಬಲ್ಬು ಸೂರಿನಲ್ಲಿ ಎಂಟು ಅಡಿ ದೂರದಲ್ಲಿದ್ದರೆ ಅರುವತ್ನಾಲ್ಕರಲ್ಲಿ ಒಂದು ಪಾಲು. ಆದ್ದರಿಂದ ‘ದೊಡ್ಡ ಬಲ್ಬು ಕೊಡು’ ಎನ್ನುವ ಬದಲು ಇದ್ದ ಬಲ್ಬನ್ನೇ ಕೆಳಗೆ ತಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಎಲ್‌ಇಡಿ ಹಳೇ ಬಲ್ಬಿನಂತೆ ಎಲೆ ಸುಡುವುದಿಲ್ಲ, ಒಂದು ಅಡಿಗೆ ತರಲು ಹೆದರಬೇಕಿಲ್ಲ.

ಮನಿ ಪ್ಲಾಂಟಿಗೆ, ನೆರಳಿನ ಎಲೆಗಿಡಗಳಿಗೆ ಹೀಗೆ ಇಳಿಬಿಟ್ಟ ಒಂದು ಬಲ್ಬು ಸಾಕು. ತುಳಸಿಯ ಹೊಟ್ಟೆ ದೊಡ್ಡದು. ಅದಕ್ಕೆ 20 ವ್ಯಾಟಿನ ಎಲ್‌ಇಡಿ ಪಟ್ಟಿಯನ್ನು ತುದಿಯಿಂದ ಒಂದೂವರೆ ಗೇಣು ಮೇಲೆ ಕಟ್ಟಿ ದಿನಕ್ಕೆ ಹನ್ನೆರಡು ತಾಸು ಉರಿಸಿದರೆ ಮಳೆಗಾಲ ದಾಟಿಸಬಹುದು. ಮೊಗ್ಗು ಚಿಗುರು ಸೊಂಪಾಗಿ ಬರಬೇಕೆಂದರೆ ಎರಡು ಪಟ್ಟಿ. ಕಿಟಕಿಯ ಪಕ್ಕದಲ್ಲಿಟ್ಟರೆ ಒಂದರಲ್ಲೇ ಆದೀತು. ಮಲ್ಲಿಗೆಗೆ ಈ ಉಪಚಾರದಿಂದ ಜೀವ ಉಳಿದೀತು, ಹೂ ಕೇಳಬಾರದು. ಮತ್ತೆ ನೀರು: ಒಳಗಿಟ್ಟ ಗಿಡಕ್ಕೆ ಭಕ್ತಿಯಿಂದ ದಿನಾ ಚೊಂಬು ಚೊಂಬು ಎರೆಯುವುದರಿಂದ ಬೇರು ಕೊಳೆಯುತ್ತದೆ. ಮಣ್ಣಿನ ಮೇಲ್ಭಾಗ ಒಣಗಿದ ಮೇಲಷ್ಟೇ ನೀರು. ಎರೆಯುವ ಮುನ್ನ ಲೈಟಿನ ಸ್ವಿಚ್ ಆಫ್ ಆಗಲಿ. ಒದ್ದೆ ಗೋಡೆ, ಒದ್ದೆ ಕೈ, ಜೋಡಿಸಿದ ವಯರು ಇವು ಮೂರೂ ಸೇರಿದರೆ ಗಿಡವಲ್ಲ, ಮನುಷ್ಯ ಹೋಗುತ್ತಾನೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ, 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ 2024ರ ಡಿಸೆಂಬರಿನಲ್ಲಿ ತೀರಿಕೊಂಡವರು, ಶಾಲೆ ಕಲಿತವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ, ಸಸಿಗಳ ನಡುವೆ ಬದುಕು ಸವೆಸಿ ಗಿಡದ ಗುಣ ಕಲಿತವರು. ಅಂಥ ತಿಳಿವಳಿಕೆ ಈ ತಾಲೂಕುಗಳಲ್ಲಿ ಇನ್ನೂ ಸತ್ತಿಲ್ಲ. ಪೇಟೆಯಲ್ಲಿ ಸೊಪ್ಪು, ಹೂ, ಸಸಿ ಇಟ್ಟುಕೊಂಡು ಕೂತ ಅಮ್ಮನನ್ನು “ಇದನ್ನ ಎಲ್ಲಿ ಇಡಬೇಕು?” ಎಂದು ಒಂದು ಮಾತು ಕೇಳಿದರೆ ಪುಕ್ಕಟೆ ಉತ್ತರ ಸಿಗುತ್ತದೆ. ಕೇಳುವುದಿಲ್ಲ. ಮೊಬೈಲಿನಲ್ಲಿ ಗುಲಾಬಿ ದೀಪ ತರಿಸುತ್ತಾರೆ.

ಈ ಗುಲಾಬಿ ನೇರಳೆ ‘ಗ್ರೋ ಲೈಟ್’ ಮೋಸವೆಂದಲ್ಲ. ಎಲೆಯ ಹಸಿರು ಹೆಚ್ಚಾಗಿ ಹೀರುವುದು ಕೆಂಪು, ನೀಲಿಗಳನ್ನು. ಆ ಎರಡನ್ನೇ ಕೊಟ್ಟರೆ ಕರೆಂಟು ಉಳಿತಾಯವೆಂಬ ಲೆಕ್ಕ. ಆದರೆ ಸಾಧಾರಣ ಬಿಳಿ ಎಲ್‌ಇಡಿಯಲ್ಲೂ ಎರಡೂ ಇವೆ, ಜೊತೆಗೆ ಎಲೆಗೆ ರೋಗ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಗುಲಾಬಿ ಬೆಳಕಿನಲ್ಲಿ ಹಸಿರೂ ಹಳದಿಯೂ ಒಂದೇ. ಮನೆಯೋ ನಾಟಕದ ಸ್ಟೇಜೋ ಎಂದು ಬಂದವರು ಕೇಳುತ್ತಾರೆ. ಇನ್ನು ‘1000 ವ್ಯಾಟ್’ ಎಂದು ಬರೆದು ಅಗ್ಗಕ್ಕೆ ಬರುವ ಮಾಲಿನ ಪರೀಕ್ಷೆ ಮನೆಯ ಮೀಟರಿನಲ್ಲೇ ಇದೆ. ಮೀಟರಿನ ಮೇಲೆ ಒಂದು ಕೆಂಪು ಚುಕ್ಕೆ ಮಿನುಗುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅನೇಕ ಮೀಟರುಗಳಲ್ಲಿ 3200. ಮನೆಯ ಉಳಿದದ್ದೆಲ್ಲ ಆಫ್ ಮಾಡಿ ಆ ದೀಪವೊಂದನ್ನೇ ಹೊತ್ತಿಸಿ. 3200ರ ಮೀಟರಾದರೆ 20 ವ್ಯಾಟಿನ ದೀಪಕ್ಕೆ ನಿಮಿಷಕ್ಕೆ ಒಂದು ಮಿನುಗು. ನಿಜವಾದ 1000 ವ್ಯಾಟಾದರೆ ಐವತ್ತಮೂರು. ಎಣಿಸಿ ನೋಡಿದರೆ ಡಬ್ಬಿಯ ಸತ್ಯ ಹೊರಬೀಳುತ್ತದೆ.

“ಕರೆಂಟು ಫ್ರೀ ಅಲ್ವಾ, ಎಷ್ಟು ಉರಿದ್ರೂ ಏನು?” ಎಂಬ ಮಾತು ಈಗ ಎಲ್ಲ ಕಡೆ. ಹಾಗಿಲ್ಲ ಸ್ವಾಮೀ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ಯೋಜನೆ ಶುರುವಾದಾಗ ಪ್ರತಿ ಮನೆಗೆ ಗೊತ್ತುಮಾಡಿದ್ದು 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡಾ ಹತ್ತು. ಸರಾಸರಿ 70 ಇದ್ದ ಮನೆಗೆ 77. ಅದನ್ನು ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರಾ ಬಿಲ್ಲು. 20 ವ್ಯಾಟಿನ ಒಂದು ಪಟ್ಟಿ ದಿನಕ್ಕೆ ಹನ್ನೆರಡು ತಾಸಿನಂತೆ ತಿಂಗಳಿಗೆ 7.2 ಯೂನಿಟ್ ತಿನ್ನುತ್ತದೆ. ಅಂದರೆ ಇದ್ದ ಏಳು ಯೂನಿಟ್ಟಿನ ಸಡಿಲು ಅಲ್ಲಿಗೆ ಖಾಲಿ. ಎರಡು ಪಟ್ಟಿಯಾದರೆ ಬಿಲ್ಲು ಶುರು.

ಹಾಗಾದರೆ ತುಳಸಿಗೆ ಬೆಳಕು ಬೇಡವೇ? ಬೇಕು. ಅದರ ಕರೆಂಟು ಮನೆಯಲ್ಲೇ ಪೋಲಾಗುತ್ತಿದೆ, ಅಲ್ಲಿಂದ ತೆಗೆಯಬೇಕು. ದೇವರ ಕೋಣೆಯಲ್ಲಿ ಹಗಲೂ ರಾತ್ರಿ ಉರಿಯುವ ಕೆಂಪು ‘ಜೀರೋ ಬಲ್ಬು’ ಇದೆಯಲ್ಲ, ಅದು ಹೆಸರಿಗೆ ಜೀರೋ. ಹಳೇ ನಮೂನೆಯದು ಸುಮಾರು 15 ವ್ಯಾಟು ಎಳೆಯುತ್ತದೆ. ತಿರುಗುವ ತಗಡಿನ ಹಳೇ ಮೀಟರು ಅಷ್ಟು ಸಣ್ಣದನ್ನು ಸರಿಯಾಗಿ ಎಣಿಸುತ್ತಿರಲಿಲ್ಲ, ಈಗಿನ ಎಲೆಕ್ಟ್ರಾನಿಕ್ ಮೀಟರು ಬಿಡುವುದಿಲ್ಲ. ದಿನಪೂರ್ತಿ ಉರಿದರೆ ತಿಂಗಳಿಗೆ 10.8 ಯೂನಿಟ್! ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ಅರ್ಧ ಯೂನಿಟ್ಟೂ ಆಗದು. ಬಚ್ಚಲಲ್ಲಿ ಉಳಿದ 60 ವ್ಯಾಟಿನ ಹಳೇ ಬುರುಡೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನದು ಒಂದೂವರೆಗೂ ಕಡಿಮೆ. ಈ ಎರಡು ಬದಲಾವಣೆಯಲ್ಲಿ ತುಳಸಿಯ ಎರಡು ಪಟ್ಟಿಯ ಖರ್ಚು ಕಳೆದು ಮೇಲೆ ಮೂರು ಯೂನಿಟ್ಟು ಉಳಿಯುತ್ತದೆ.

ಹನ್ನೆರಡು ತಾಸು ಎಂದಿದ್ದನ್ನು ಇಪ್ಪತ್ನಾಲ್ಕು ಮಾಡುವ ಉತ್ಸಾಹಿಗಳೂ ಇದ್ದಾರೆ. ಗಿಡಕ್ಕೂ ರಾತ್ರಿ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬು ಹಾಕುವುದೇ ಹೂ ತಡವಾಗಲಿ, ಗಿಡ ಮೊದಲು ಬೆಳೆಯಲಿ ಎಂದು. ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಬಿಡುವ ಜಾತಿ ಅದು. ಬೀದಿದೀಪದಡಿ ಸೇವಂತಿಗೆ ಕುಂಡ ಇಟ್ಟು “ಹೂವೇ ಬಿಡ್ಲಿಲ್ಲ” ಎಂದರೆ ಗೊಬ್ಬರವೇನು ಮಾಡೀತು? ಬೆಳಕು ಬೇಡದ ಕಡೆ ಬಿದ್ದರೆ ಏನಾಗುತ್ತದೆಂಬುದು ಕಾರವಾರದ ಸಾಂಪ್ರದಾಯಿಕ ಮೀನುಗಾರರಿಗೆ ಚೆನ್ನಾಗಿ ಗೊತ್ತು. ಎಲ್‌ಇಡಿ ಎಂಬ ಶಬ್ದ ಅವರ ಬಾಯಲ್ಲಿ ಬೈಗುಳವಾಗಿದೆ. ಸಮುದ್ರದಲ್ಲಿ ಪ್ರಖರ ದೀಪ ಇಳಿಬಿಟ್ಟು ಮರಿಮೀನು ಸಹಿತ ಬಾಚುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧಿಸಿತು. ದಂಡೆಯ ಮೇಲೆ ಮೊಟ್ಟೆಯೊಡೆದ ಕಡಲಾಮೆ ಮರಿಗಳೂ ಅಷ್ಟೇ, ನೀರಿನತ್ತ ಹೋಗುವ ಬದಲು ರಿಸಾರ್ಟಿನ ದೀಪದತ್ತ ತೆವಳುತ್ತವೆ. ಇರಲಿ, ಅದು ಬೇರೆಯೇ ಬರೆಯಬೇಕಾದ ಕಥೆ.

ಹೆಸ್ಕಾಂ ತನ್ನ ಬಿಲ್ಲಿನ ಚೀಟಿಯ ಹಿಂದೆ ಒಂದು ಮಳೆಗಾಲದ ಮಟ್ಟಿಗಾದರೂ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಬಹುದು: ಲ್ಯೂಮೆನ್ ಎಂದರೇನು, ಜೀರೋ ಬಲ್ಬು ಎಷ್ಟು ತಿನ್ನುತ್ತದೆ, ಈ ಮನೆಗೆ ಗೃಹಜ್ಯೋತಿಯ ಪಾಲು ಎಷ್ಟು. ಕಾರವಾರ ನಗರಸಭೆ, ಅಂಕೋಲಾ ಪುರಸಭೆಗಳು ಹಾಳಾದ ಬಲ್ಬು, ಟ್ಯೂಬುಗಳಿಗೆ ವಾರ್ಡಿಗೊಂದು ಪೆಟ್ಟಿಗೆ ಇಡಬೇಕು. ಹಳೇ ಟ್ಯೂಬಿನೊಳಗೆ ಪಾದರಸವಿದೆ. ಅದನ್ನು ಗಟಾರದ ಕಲ್ಲಿಗೆ ಒಡೆದು ಮಕ್ಕಳು ಆಡುವುದು ಆಟವಲ್ಲ. ಅಂಗಡಿಯವರೂ ಗುರುತಿಲ್ಲದ ಮಾಲನ್ನು ಮುಂದಿಟ್ಟು “ಇದೇ ಹೋಗ್ತದೆ ಅಕ್ಕಾ” ಎನ್ನುವುದನ್ನು ಬಿಟ್ಟು ಬಿಲ್ಲು ಬರೆದು ಕೊಡಲಿ. ಬಿಲ್ಲಿಲ್ಲದೆ ಗ್ಯಾರಂಟಿ ಕೇಳುವುದು ಯಾವ ಬಾಯಿಂದ?

ಮಳೆ ಹಿಂದೆ ಸರಿದ ಮೇಲೆ ಒಂದು ಎಚ್ಚರಿಕೆ ಉಳಿಯುತ್ತದೆ. ನಾಲ್ಕು ತಿಂಗಳು ದೀಪದಡಿ ಬೆಳೆದ ತುಳಸಿಯನ್ನು ಲಗ್ನ ಹತ್ತಿರ ಬಂತೆಂದು ಒಂದೇ ದಿನ ಅಕ್ಟೋಬರಿನ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಕಪ್ಪಾಗುತ್ತದೆ. ಮೊದಲ ಮೂರು ದಿನ ಬಾಲ್ಕನಿಯ ನೆರಳು, ಆಮೇಲೆ ಬೆಳಗಿನ ಒಂದು ತಾಸಿನ ಎಳೆಬಿಸಿಲು, ಹೀಗೆ ಹೆಚ್ಚಿಸುತ್ತ ಎಂಟು ಹತ್ತು ದಿನಕ್ಕೆ ಪೂರ್ತಿ ಹೊರಗೆ ಬಿಟ್ಟು, ಒಳಗಿನ ಪಟ್ಟಿಯನ್ನು ಒರೆಸಿ ಮುಂದಿನ ಜೂನಿಗೆಂದು ಕಟ್ಟಿಡಬೇಕು.